ಸೀರೆ ಅಂಗಡಿಯೂ ಶಾಲೆಯೂ

ನನ್ನ ಜಗಳ ತೀರಿಹೋದ ಮನುಷ್ಯರೊಬ್ಬರ ಮೇಲೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮಿಲ್ಟನ್ ಫ್ರೀಡ್‌ಮನ್ 2006ರಲ್ಲೇ ಹೋದರು. ಅವರ ವಾದ ಮಾತ್ರ ನಮ್ಮ ಸ್ಟಾಫ್ ರೂಮಿನ ತನಕ ಬಂದು ಕೂತಿದೆ. ಸರ್ಕಾರ ಶಾಲೆ ನಡೆಸುವುದೇಕೆ? ಮಗುವಿಗೆ ಇಷ್ಟೆಂದು ಹಣದ ಚೀಟಿಯನ್ನು ತಂದೆತಾಯಿಯ ಕೈಗೆ ಕೊಡಲಿ, ಅವರು ಬೇಕಾದ ಶಾಲೆಗೆ ಕೊಡಲಿ; ಪೈಪೋಟಿಯಲ್ಲಿ ಒಳ್ಳೆಯ ಶಾಲೆ ಉಳಿಯುತ್ತದೆ. 1955ರಲ್ಲಿ ಬರೆದ ಈ ಮಾತನ್ನು 1980ರಲ್ಲಿ 'ಫ್ರೀ ಟು ಚೂಸ್' ಪುಸ್ತಕದಲ್ಲಿ ಮತ್ತೆ ಹೇಳಿದರು. ಅದನ್ನು ಜೊತೆಗೆ ಬರೆದವರು ಹೆಂಡತಿ ರೋಸ್. ಆಕೆಯೂ ಅರ್ಥಶಾಸ್ತ್ರ ಓದಿದವರೇ, ಆದರೆ ಹೆಸರು ಎತ್ತುವವರು ಕಡಿಮೆ. ಇರಲಿ.

ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮನೆಯಲ್ಲಿ ಬೆಳೆದವಳು ನಾನು. ಪೈಪೋಟಿಯೇ ಕೆಟ್ಟದ್ದೆಂದು ನನ್ನ ಬಾಯಲ್ಲಿ ಬಾರದು. ಆದರೆ ಶಾಲೆ ಅಂಗಡಿಯಲ್ಲ.

ಸೀರೆ ಅಂಗಡಿಯಲ್ಲಿ ಹೋಗಿ ಕೂತರೆ ಹತ್ತು ಸೀರೆ ಬಿಚ್ಚಿ ಹರಡುತ್ತಾರೆ. ನೀವೆಷ್ಟು ಓದಿದ್ದೀರಿ, ನಿಮ್ಮ ಯಜಮಾನರಿಗೆ ಏನು ಕೆಲಸ ಎಂದು ಕೇಳುವುದಿಲ್ಲ. ಪಕ್ಕದ ಮನೆಯಾಕೆ ಅದೇ ಅಂಗಡಿಯಲ್ಲಿ ಕೊಂಡರೆಂದು ನನ್ನ ಸೀರೆಯ ಬಣ್ಣ ಮಾಸುವುದೂ ಇಲ್ಲ. ಶಾಲೆ ಹಾಗಲ್ಲ ನೋಡಿ. ಮನೆಯಲ್ಲಿ ಕೂರಿಸಿಕೊಂಡು ಓದಿಸುವವರಿರುವ ಮಕ್ಕಳನ್ನೇ ಸೇರಿಸಿಕೊಂಡರೆ ಹೆಚ್ಚು ಕಲಿಸದೆಯೂ ಫಲಿತಾಂಶ ಬರುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಈ ಗುಟ್ಟು ಗೊತ್ತು. ಫಲಿತಾಂಶ ಬಂದರೆ ಬಾಗಿಲಲ್ಲಿ ಸಾಲು. ಸಾಲು ನಿಂತ ಮೇಲೆ ಆರಿಸುವುದು ತಾಯಿಯಲ್ಲ, ಶಾಲೆ.

ಇದು ನನ್ನ ಊಹೆಯಲ್ಲ, ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನಡೆದದ್ದು. 1973ರಲ್ಲಿ ಅಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಷಿಕಾಗೊದಲ್ಲಿ ಓದಿ ಬಂದ ಚಿಲಿಯ ತರುಣರು ಸೇನಾಧಿಪತಿ ಪಿನೊಚೆಗೆ ಆರ್ಥಿಕ ಸಲಹೆಗಾರರಾದರು. ಫ್ರೀಡ್‌ಮನ್ ಕೂಡ 1975ರಲ್ಲಿ ಹೋಗಿ ಅವನನ್ನು ಕಂಡು ಬಂದರು. ಆರಿಸುವ ಸ್ವಾತಂತ್ರ್ಯದ ಪಾಠ ಜಾರಿಗೆ ಬಂದದ್ದು ಸಂಸತ್ತಿಗೆ ಬೀಗ ಹಾಕಿದ ದೇಶದಲ್ಲಿ! 1981ರಲ್ಲಿ ಶಾಲೆಗಳನ್ನು ಊರಾಡಳಿತಗಳ ತಲೆಗೆ ಕಟ್ಟಿದರು, ಮೇಷ್ಟರುಗಳ ಸರ್ಕಾರಿ ನೌಕರಿ ಹೋಯಿತು, ಮಗು ಹೋದ ಶಾಲೆಗೆ ಹಣ ಎಂಬ ಪದ್ಧತಿ ಬಂತು. ಖಾಸಗಿ ಶಾಲೆಗಳು ಎದ್ದವು. ಪ್ರವೇಶಕ್ಕೆ ಪರೀಕ್ಷೆ ಇಟ್ಟವು, ತಂದೆತಾಯಿಯ ಸಂದರ್ಶನ ಮಾಡಿದವು. 1993ರ ಬದಲಾವಣೆಯಿಂದ ಸರ್ಕಾರದ ಹಣದ ಮೇಲೆ ಶುಲ್ಕವನ್ನೂ ಕೇಳುವುದು ಸುಲಭವಾಯಿತು. ಒಂದು ಕಾಲಕ್ಕೆ ನಾಲ್ಕರಲ್ಲಿ ಮೂರು ಮಕ್ಕಳಿದ್ದ ಸಾರ್ವಜನಿಕ ಶಾಲೆಯಲ್ಲಿ ಮೂವತ್ತು ವರ್ಷದಲ್ಲಿ ಉಳಿದವರು ಹತ್ತಕ್ಕೆ ನಾಲ್ಕು ಜನವೂ ಇಲ್ಲ. ಆ ಉಳಿದವರು ಯಾರ ಮನೆಯವರೆಂದು ಬಿಡಿಸಿ ಹೇಳಬೇಕೆ?

ಲ್ಯಾಟಿನ್ ಅಮೆರಿಕದ ಪರೀಕ್ಷೆಗಳಲ್ಲಿ ಚಿಲಿಯ ಮಕ್ಕಳು ಮುಂದಿದ್ದಾರಲ್ಲ ಎನ್ನುತ್ತಾರೆ ಆ ಪಕ್ಷದವರು. ಹೌದು, ಮುಂದಿದ್ದಾರೆ. ಕೊನೆಯ ಬೆಂಚಿನವರನ್ನು ಬೇರೆ ಕಟ್ಟಡಕ್ಕೆ ಕಳಿಸಿ ಮೊದಲ ಬೆಂಚಿನ ಅಂಕ ಓದಿ ಹೇಳುವ ಹೆಡ್‌ಮಾಸ್ಟರನ್ನು ನಾನು ಹೊಗಳಲಾರೆ.

ಫ್ರೀಡ್‌ಮನ್ ತೀರಿಕೊಂಡ ವರ್ಷವೇ ಚಿಲಿಯ ಹೈಸ್ಕೂಲು ಹುಡುಗ ಹುಡುಗಿಯರು ಸಮವಸ್ತ್ರದಲ್ಲೇ ಬೀದಿಗಿಳಿದರು. ಕಡುನೀಲಿ ಬಿಳುಪಿನ ಆ ಉಡುಪಿಗೆ ಜನ ಅವರನ್ನು ಪೆಂಗ್ವಿನ್ನುಗಳೆಂದು ಕರೆದರು. 2011ರಲ್ಲಿ ಮತ್ತೆ ಬಂದರು. 2015ರಲ್ಲಿ ಕಾನೂನಾಯಿತು: ಸರ್ಕಾರದ ಹಣ ಪಡೆಯುವ ಶಾಲೆ ಮಕ್ಕಳನ್ನು ಆರಿಸುವುದು, ಶುಲ್ಕ ಕೇಳುವುದು, ಲಾಭ ತೆಗೆಯುವುದು ಹಂತಹಂತವಾಗಿ ನಿಲ್ಲಬೇಕು ಎಂದು. ಅಷ್ಟು ಹೊತ್ತಿಗೆ 1981ರಲ್ಲಿ ಒಂದನೇ ತರಗತಿಗೆ ಸೇರಿದ್ದ ಮಗುವಿಗೆ ನಲವತ್ತು ವರ್ಷವಾಗಿತ್ತು.