ಫಿಜಿ ಎಂದರೆ ನೀರಿನ ಬಾಟಲಿಯಷ್ಟೇ ಅಲ್ಲ

ಫಿಜಿ ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಚೌಕಾಕಾರದ ನೀರಿನ ಬಾಟಲಿ. ದೊಡ್ಡವರಿಗೆ ನೆನಪಾಗುವುದು ಸಮುದ್ರ ತೀರದ ರೆಸಾರ್ಟಿನ ಜಾಹೀರಾತು. ಆದರೆ ಫಿಜಿಯನ್ನು ನೋಡಲು ನಾವು ವಿಮಾನ ಹತ್ತಬೇಕಾಗಿಲ್ಲ. ಹೇವರ್ಡ್ ಊರಿನ ಯಾವುದಾದರೂ ದಿನಸಿ ಅಂಗಡಿಗೆ ಹೋದರೆ ಸಾಕು. ಒಂದು ಕಡೆ ತೊಗರಿಬೇಳೆ, ಅರಿಶಿನ, ಕರಿಬೇವು. ಪಕ್ಕದಲ್ಲೇ ಮರಗೆಣಸು, ಕೆಸುವಿನ ಗಡ್ಡೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಹಿರಿಯರು ನೋಡಲು ನಮ್ಮ ಹಾಗೇ ಇರುತ್ತಾರೆ. "ನೀವು ಇಂಡಿಯಾದಲ್ಲಿ ಯಾವ ಕಡೆಯವರು?" ಎಂದು ನಾವು ಕೇಳುತ್ತೇವೆ. "ನಾವು ಫಿಜಿಯವರು" ಎಂಬ ಉತ್ತರ ಬರುತ್ತದೆ. "ಓಹೋ" ಎನ್ನುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆ "ಓಹೋ" ಎಂಬಲ್ಲಿ ಸ್ವಲ್ಪ ಅಜ್ಞಾನವಿದೆ. ಒಪ್ಪಿಕೊಳ್ಳೋಣ, ಸ್ವಲ್ಪ ಅಸಡ್ಡೆಯೂ ಇದೆ. ಇವರು "ನಿಜವಾದ" ಭಾರತೀಯರಲ್ಲ, ಇವರ ಹಿಂದಿ ಶುದ್ಧವಲ್ಲ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಈ ಭಾವನೆ ತಪ್ಪು ಎಂಬುದು ನನ್ನ ಅಭಿಪ್ರಾಯ. ಪರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಹೊರಟಿರುವ ನಾವು, ಆ ಪುಟ್ಟ ದೇಶದ ಕಥೆಯನ್ನು ಎಲ್ಲರಿಗಿಂತ ಮೊದಲು ಓದಬೇಕು.

ಮೊದಲು ಭೂಗೋಳ. ದಕ್ಷಿಣ ಪೆಸಿಫಿಕ್ ಸಾಗರದಲ್ಲಿ ಸುಮಾರು 330 ದ್ವೀಪಗಳ ಗುಂಪು ಫಿಜಿ. ಜನ ವಾಸಿಸುವುದು ಅದರಲ್ಲಿ ಮೂರನೆಯ ಒಂದು ಭಾಗದಲ್ಲಿ ಮಾತ್ರ. ಎಲ್ಲ ದ್ವೀಪಗಳನ್ನೂ ಸೇರಿಸಿದರೆ ಸುಮಾರು 18,270 ಚದರ ಕಿಲೋಮೀಟರ್. ಅಂದರೆ ನಮ್ಮ ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳನ್ನು ಒಟ್ಟು ಸೇರಿಸಿದಷ್ಟು. 2017ರ ಜನಗಣತಿಯಂತೆ ಜನಸಂಖ್ಯೆ 8 ಲಕ್ಷ 85 ಸಾವಿರ. ವಿಟಿ ಲೆವು, ವನುವಾ ಲೆವು ಎಂಬ ಎರಡು ದ್ವೀಪಗಳೇ ದೊಡ್ಡವು. ವಿಟಿ ಲೆವು ಮಧ್ಯದಲ್ಲಿ ಜ್ವಾಲಾಮುಖಿಯಿಂದ ಎದ್ದ ಬೆಟ್ಟಗಳಿವೆ. ಆಗ್ನೇಯದಿಂದ ಬೀಸುವ ಗಾಳಿ ತಂದ ಮಳೆಯನ್ನೆಲ್ಲ ಬೆಟ್ಟದ ಈಚೆ ರಾಜಧಾನಿ ಸುವಾ ಕಡೆಗೇ ಸುರಿಸಿಬಿಡುತ್ತದೆ. ಆಚೆ ಬದಿಯ ನಾಂದಿ, ಲೌಟೋಕಾ, ಬಾ ಊರುಗಳು ಒಣ ಸೀಮೆ. ಪಶ್ಚಿಮ ಘಟ್ಟದ ಮಳೆ ಆಗುಂಬೆಯಲ್ಲಿ ಸುರಿದು ಚಿತ್ರದುರ್ಗ ಒಣಗಿದಂತೆಯೇ ಇದೂ. ಬಿಸಿಲು ಹೆಚ್ಚಿರುವ ಆ ಒಣ ಬದಿಯಲ್ಲೇ ಕಬ್ಬು ಚೆನ್ನಾಗಿ ಬರುತ್ತದೆ. ಫಿಜಿಯ ಮುಂದಿನ ಕಥೆಯೆಲ್ಲ ಹೊರಟದ್ದು ಈ ಕಬ್ಬಿನಿಂದ.

1874ರ ಅಕ್ಟೋಬರ್ 10ರಂದು ಫಿಜಿ ಬ್ರಿಟಿಷರ ಕೈಗೆ ಹೋಯಿತು. ಮೂಲ ನಿವಾಸಿಗಳ ಹಳ್ಳಿಯ ಬದುಕು ಕೆಡಬಾರದು, ಅವರನ್ನು ತೋಟದ ಕೂಲಿಗೆ ಎಳೆಯಬಾರದು ಎಂದು ಗವರ್ನರ್ ಸರ್ ಆರ್ಥರ್ ಗಾರ್ಡನ್ ನಿರ್ಧರಿಸಿದ. ಒಳ್ಳೆಯದೇ. ಆದರೆ ಕಬ್ಬು ಕಡಿಯುವವರು ಯಾರು? ಭಾರತದಿಂದ ಜನರನ್ನು ತಂದರು. 1879ರ ಮೇ 14ರಂದು "ಲಿಯೋನಿಡಾಸ್" ಎಂಬ ಹಡಗು ಮೊದಲ ತಂಡವನ್ನು ಹೊತ್ತು ಫಿಜಿ ತಲುಪಿತು. 1916ರವರೆಗೆ 60 ಸಾವಿರಕ್ಕೂ ಹೆಚ್ಚು ಜನ ಹೀಗೆ ಬಂದರು. ಐದು ವರ್ಷದ ಕರಾರು. "ಅಗ್ರಿಮೆಂಟ್" ಎಂಬ ಮಾತು ಅವರ ಬಾಯಲ್ಲಿ "ಗಿರ್ಮಿಟ್" ಆಯಿತು, ಅವರು ಗಿರ್ಮಿಟಿಯಾಗಳಾದರು. ನಮಗೆ ಗಿರ್ಮಿಟ್ ಎಂದರೆ ಹುಬ್ಬಳ್ಳಿ-ಧಾರವಾಡದ ಚುರುಮುರಿ, ಬಾಯಲ್ಲಿ ನೀರೂರುತ್ತದೆ. ಅವರಿಗೆ ಅದೇ ಸದ್ದಿನ ಮಾತು ಕಣ್ಣಲ್ಲಿ ನೀರು ತರಿಸುತ್ತದೆ. ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಕೋಣೆ. ಅದರಲ್ಲಿ ಒಂದು ಸಂಸಾರ, ಇಲ್ಲವೇ ಮೂವರು ಗಂಡಸರು. ಗೊತ್ತುಪಡಿಸಿದ ಕೆಲಸ ಪೂರ್ತಿ ಮುಗಿಸಿದರೆ ಗಂಡಸಿಗೆ ದಿನಕ್ಕೆ ಒಂದು ಷಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್. ಮುಗಿಸದಿದ್ದರೆ ಅದೂ ಇಲ್ಲ. ಮಹಾತ್ಮಾ ಗಾಂಧಿಯವರ ಸ್ನೇಹಿತರಾದ ಸಿ. ಎಫ್. ಆಂಡ್ರೂಸ್ 1915ರಲ್ಲಿ ಅಲ್ಲಿಗೆ ಹೋಗಿ ಕಂಡದ್ದನ್ನು ಜಗತ್ತಿಗೆ ತಿಳಿಸಿದರು. 1920ರ ಜನವರಿ 1ರಂದು ಉಳಿದ ಕರಾರುಗಳೂ ರದ್ದಾದವು.

ಬಂದವರೆಲ್ಲ ಉತ್ತರ ಭಾರತದವರೇ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು. ಸುಮಾರು 15 ಸಾವಿರ ಜನ ದಕ್ಷಿಣದವರು. ಆಗ ಬಳ್ಳಾರಿಯೂ ಮಂಗಳೂರೂ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದವು ಎಂಬುದನ್ನು ನೆನಪಿಡಿ. ಬರಗಾಲಕ್ಕೆ, ಸಾಲಕ್ಕೆ ಊರು ಬಿಟ್ಟವರಿಗೆ ಹಡಗು ಎಲ್ಲಿಗೆ ಹೋಗುತ್ತದೆ ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ.

ಇನ್ನು ಆರ್ಥಿಕ ವ್ಯವಸ್ಥೆ. ನೂರು ವರ್ಷ ಫಿಜಿಯನ್ನು ಸಾಕಿದ್ದು ಸಕ್ಕರೆ. ಆಸ್ಟ್ರೇಲಿಯಾದ ಒಂದು ಸಕ್ಕರೆ ಕಂಪನಿ 1973ರವರೆಗೆ ಕಾರ್ಖಾನೆಗಳನ್ನು ನಡೆಸಿತು. ಆಮೇಲೆ ಅದು ಸರ್ಕಾರದ ಪಾಲಿಗೆ ಬಂತು. ಮಂಡ್ಯದವರಿಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ: ಕಬ್ಬು ರೈತನದು, ತೂಕ ಮತ್ತು ಬೆಲೆ ಕಾರ್ಖಾನೆಯದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕರ್ನಾಟಕದಲ್ಲಿ 1974ರಲ್ಲಿ ದೇವರಾಜ ಅರಸರ ಕಾಲದ ಭೂ ಸುಧಾರಣೆಯಿಂದ ಉಳುವವನೇ ಹೊಲದೊಡೆಯನಾದ. ಫಿಜಿಯಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಸುಮಾರು ಶೇಕಡಾ 87ರಷ್ಟು ಭೂಮಿ ಮೂಲ ನಿವಾಸಿಗಳ ಕುಲಗಳಿಗೆ ಒಟ್ಟಾಗಿ ಸೇರಿದ್ದು. ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಭಾರತೀಯ ರೈತ ಗೇಣಿಗೆ ಮಾತ್ರ ಉಳಬಹುದು. 1976ರ ಕಾನೂನು ಮೂವತ್ತು ವರ್ಷದ ಗೇಣಿ ಕೊಟ್ಟಿತು. 1997ರಿಂದ ಗೇಣಿಗಳ ಅವಧಿ ಮುಗಿಯತೊಡಗಿತು. ಅಜ್ಜ ಬಿತ್ತಿ, ಅಪ್ಪ ಕಟ್ಟಿದ ಮನೆಯನ್ನು ಬಿಟ್ಟು ಎಷ್ಟೋ ಸಂಸಾರಗಳು ಹೊರಟವು. ಯುರೋಪು ಕೊಡುತ್ತಿದ್ದ ಹೆಚ್ಚಿನ ಬೆಲೆಯೂ ಆಮೇಲೆ ನಿಂತಿತು.

ಇಂದು ಫಿಜಿಯನ್ನು ಸಾಕುತ್ತಿರುವುದು ಪ್ರವಾಸಿಗರು. 2019ರಲ್ಲಿ 8 ಲಕ್ಷ 94 ಸಾವಿರ ಜನ, ಅಂದರೆ ದೇಶದ ಜನಸಂಖ್ಯೆಯಷ್ಟೇ ಅತಿಥಿಗಳು. ಕೊರೋನಾ ಬಂದಾಗ ಅತಿಥಿಗಳಿಲ್ಲದೆ ದೇಶವೇ ಬಡವಾಯಿತು. ಆಗ ಕೈ ಹಿಡಿದದ್ದು ಹೊರದೇಶದಲ್ಲಿರುವ ಫಿಜಿಯ ಮಕ್ಕಳು ಕಳಿಸುವ ಹಣ; 2022ರಲ್ಲಿ ಅದು ನೂರು ಕೋಟಿ ಫಿಜಿ ಡಾಲರ್ ಮೀರಿತು. ನಮ್ಮ ಹೇವರ್ಡಿನ ಅಂಗಡಿಯವರ ದುಡಿಮೆಯೂ ಅದರಲ್ಲಿ ಸೇರಿದೆ. ಆ ಚೌಕದ ಬಾಟಲಿಯ ನೀರಿನ ಮೇಲೂ ಒಮ್ಮೆ ಜಗಳವಾಯಿತು. 2010ರಲ್ಲಿ ಸರ್ಕಾರ ಲೀಟರಿಗೆ 15 ಸೆಂಟ್ ತೆರಿಗೆ ಹಾಕಿದಾಗ ಕಂಪನಿ ಬಾಗಿಲು ಮುಚ್ಚಿತು; ಮರುದಿನವೇ ಎಂಬಂತೆ ಒಪ್ಪಿಕೊಂಡು ಬಾಗಿಲು ತೆರೆಯಿತು. ಪುಟ್ಟ ದೇಶಕ್ಕೂ ತನ್ನ ನೀರಿಗೆ ಬೆಲೆ ಕಟ್ಟುವ ಹಕ್ಕಿದೆ ಎಂದು ನನಗೆ ಅನಿಸುತ್ತದೆ.

ಸರ್ಕಾರದ ಕಥೆ ಇನ್ನೂ ಕಠಿಣ. 1970ರ ಅಕ್ಟೋಬರ್ 10ರಂದು ಸ್ವಾತಂತ್ರ್ಯ ಬಂತು. ಸಂಸತ್ತಿನ 52 ಸ್ಥಾನಗಳನ್ನು ಜನಾಂಗದ ಲೆಕ್ಕದಲ್ಲಿ ಹಂಚಿದರು: ಮೂಲ ನಿವಾಸಿಗಳಿಗೆ 22, ಭಾರತೀಯರಿಗೆ 22, ಉಳಿದವರಿಗೆ 8. ಮನೆಯಲ್ಲಿ ಅಣ್ಣತಮ್ಮಂದಿರಿಗೆ ಮೊದಲ ದಿನವೇ ಗೋಡೆ ಕಟ್ಟಿ ಕೊಟ್ಟ ಹಾಗೆ. 1987ರ ಏಪ್ರಿಲಿನಲ್ಲಿ ಡಾಕ್ಟರ್ ತಿಮೋದಿ ಬವಾಂದ್ರಾ ಪ್ರಧಾನಿಯಾದರು. ಅವರು ಮೂಲ ನಿವಾಸಿಯೇ. ಆದರೆ ಅವರ ಬೆಂಬಲಿಗರಲ್ಲಿ ಭಾರತೀಯರೇ ಹೆಚ್ಚು. ಒಂದು ತಿಂಗಳಲ್ಲೇ, ಮೇ 14ರಂದು, ಕರ್ನಲ್ ಸಿತಿವೇನಿ ರಬುಕಾ ಸಂಸತ್ತಿಗೆ ಸೈನಿಕರನ್ನು ನುಗ್ಗಿಸಿದರು. ಲಿಯೋನಿಡಾಸ್ ಹಡಗು ಬಂದ ದಿನವೂ ಮೇ 14 ಎಂಬುದನ್ನು ಗಮನಿಸಿ. 1999ರಲ್ಲಿ ಮಹೇಂದ್ರ ಚೌಧರಿ ಭಾರತೀಯ ಮೂಲದ ಮೊದಲ ಪ್ರಧಾನಿಯಾದರು. ಸರಿಯಾಗಿ ಒಂದು ವರ್ಷಕ್ಕೆ, 2000ದ ಮೇ 19ರಂದು, ಬಂದೂಕುಧಾರಿಗಳು ಅವರನ್ನು ಸಂಸತ್ತಿನಲ್ಲೇ 56 ದಿನ ಒತ್ತೆಯಿಟ್ಟರು. 2006ರಲ್ಲಿ ಮತ್ತೆ ಸೈನ್ಯ. 2013ರ ಸಂವಿಧಾನ ಮಾತ್ರ ಒಂದು ಒಳ್ಳೆಯ ಕೆಲಸ ಮಾಡಿತು: ಜನಾಂಗವಾರು ಮತಪಟ್ಟಿ ಹೋಯಿತು, ಎಲ್ಲರಿಗೂ ಒಂದೇ ಪಟ್ಟಿ, ಎಲ್ಲರೂ "ಫಿಜಿಯನ್ನರು".

ಭಾರತೀಯರಿಗೆ ಅನ್ಯಾಯವಾಯಿತು, ನಿಜ. ಆದರೆ ಒಂದೇ ಕಣ್ಣಿನಿಂದ ನೋಡಬಾರದು. ನಮ್ಮ ಮಕ್ಕಳು ನಾಲ್ಕನೆಯ ತರಗತಿಯಲ್ಲಿ ಕ್ಯಾಲಿಫೋರ್ನಿಯಾದ ಮಿಷನ್ನುಗಳ ಬಗ್ಗೆ ಓದುತ್ತಾರೆ. 1797ರಲ್ಲಿ ಫ್ರೀಮಾಂಟಿನಲ್ಲಿ ಮಿಷನ್ ಸ್ಯಾನ್ ಹೋಸೆ ಕಟ್ಟಿದಾಗ ಈ ನೆಲ ಓಲೋನಿ ಜನರದ್ದಾಗಿತ್ತು. ಇಂದು ಅವರ ಬಳಿ ಎಷ್ಟು ನೆಲ ಉಳಿದಿದೆ? ಫಿಜಿಯ ಮೂಲ ನಿವಾಸಿಗಳು ಉಳಿದದ್ದು ಅವರ ಭೂಮಿಯನ್ನು ಯಾರೂ ಕೊಳ್ಳದಂತೆ ಕಾನೂನು ತಡೆದದ್ದರಿಂದ. ಅವರ ಭಯಕ್ಕೂ ಕಾರಣವಿದೆ. ಗಿರ್ಮಿಟಿಯಾನ ಬೆವರೂ ಸತ್ಯ, ನೆಲದವರ ಭಯವೂ ಸತ್ಯ. ತಪ್ಪು ಮಾಡಿದ್ದು ಈ ಇಬ್ಬರನ್ನೂ ಬೇರೆ ಬೇರೆ ಶಾಲೆ, ಬೇರೆ ಬೇರೆ ಮತಪಟ್ಟಿಗಳಲ್ಲಿ ಇಟ್ಟು ಬೆಳೆಸಿದ ವ್ಯವಸ್ಥೆ ಎಂಬುದು ನನ್ನ ಅನಿಸಿಕೆ.

1987ರ ನಂತರ ಲಕ್ಷಕ್ಕೂ ಹೆಚ್ಚು ಭಾರತೀಯ ಮೂಲದವರು ಫಿಜಿ ಬಿಟ್ಟರು. 1986ರಲ್ಲಿ ದೇಶದ ಅರ್ಧದಷ್ಟು ಇದ್ದವರು 2007ರ ಹೊತ್ತಿಗೆ ಶೇಕಡಾ 37ಕ್ಕೆ ಇಳಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಗಳಿಗೆ ಹೋದಂತೆ ನಮ್ಮ ಬೇ ಏರಿಯಾಕ್ಕೂ, ಸ್ಯಾಕ್ರಮೆಂಟೊ, ಮೊಡೆಸ್ಟೊಗಳಿಗೂ ಬಂದರು. ನಾವು ಒಮ್ಮೆ ಊರು ಬಿಟ್ಟವರು. ಅವರು ಎರಡು ಸಲ ಬಿಟ್ಟವರು. ಅದೇ ರಬುಕಾ 2022ರ ಡಿಸೆಂಬರಿನಲ್ಲಿ ಮತಪೆಟ್ಟಿಗೆಯ ಮೂಲಕ ಪ್ರಧಾನಿಯಾಗಿ ಬಂದು, 2023ರ ಮೇ 14ರಂದು ತಮ್ಮ ಕೃತ್ಯಕ್ಕೆ ಎಲ್ಲರೆದುರು ಕ್ಷಮೆ ಕೇಳಿದರು. ಆ ವರ್ಷ ಗಿರ್ಮಿಟ್ ದಿನಕ್ಕೆ ಸರ್ಕಾರಿ ರಜೆಯೂ ಸಿಕ್ಕಿತು. ಕ್ಷಮೆಯಿಂದ ಹೋದ ಮನೆ ಮರಳಿ ಬರುವುದಿಲ್ಲ. ಆದರೂ ಕೇಳದಿರುವುದಕ್ಕಿಂತ ಕೇಳಿದ್ದು ದೊಡ್ಡದು.

ಕೊನೆಯದಾಗಿ ನಮ್ಮ ಕನ್ನಡ ಶಾಲೆಗೆ ಸಂಬಂಧಿಸಿದ ಮಾತು. ಫಿಜಿಗೆ ಹೋದವರಲ್ಲಿ ಎರಡು ಬಗೆಯ ಭಾಷೆ ಇತ್ತು. ಉತ್ತರದವರ ಅವಧಿ, ಭೋಜಪುರಿ ಮಾತುಗಳು ಕಬ್ಬಿನ ಗದ್ದೆಯಲ್ಲಿ ಬೆರೆತು ಫಿಜಿ ಹಿಂದಿ ಹುಟ್ಟಿತು. ಶಾಲೆಯಲ್ಲಿ ಕಲಿಸಿದ್ದು ಪುಸ್ತಕದ ಹಿಂದಿ. ಇದನ್ನು ಸ್ವತಃ ಮಾತಾಡುವವರೇ ಮುರುಕು ಭಾಷೆ ಎಂದರು. ಆದರೂ ಅದು ಐದಾರು ತಲೆಮಾರು ಉಳಿದಿದೆ, ಹೇವರ್ಡಿನಲ್ಲೂ ಕೇಳಿಸುತ್ತದೆ. ಇನ್ನೊಂದು ಕಡೆ ದಕ್ಷಿಣದವರು 1926ರಲ್ಲಿ ನಾಂದಿಯಲ್ಲಿ ತಮ್ಮದೇ ಸಂಗಮ ಕಟ್ಟಿದರು. ಶಾಲೆ ತೆರೆದರು, ತಮಿಳು, ತೆಲುಗು ಕಲಿಸಿದರು, ಸುಬ್ರಹ್ಮಣ್ಯ ಸ್ವಾಮಿಗೆ ಭವ್ಯ ದೇವಸ್ಥಾನ ಕಟ್ಟಿದರು. ಆದರೆ ಇಂದು ಅವರ ಮೊಮ್ಮಕ್ಕಳಲ್ಲಿ ನಾಯ್ಡು, ರೆಡ್ಡಿ, ಗೌಂಡರ್ ಎಂಬ ಹೆಸರು ಉಳಿದಿದೆ. ಮನೆಮಾತು ಫಿಜಿ ಹಿಂದಿಯಾಗಿದೆ.

ಏಕೆ ಹೀಗಾಯಿತು? ಸಂಖ್ಯೆ ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು, ಮಕ್ಕಳು ಆಟವಾಡುವಾಗ, ಜಗಳವಾಡುವಾಗ ಬಳಸಿದ ಭಾಷೆ ಉಳಿಯಿತು. ಹಬ್ಬಕ್ಕೆ, ಪೂಜೆಗೆ ಮೀಸಲಿಟ್ಟ ಭಾಷೆ ಕಪಾಟಿಗೆ ಸೇರಿತು. ನಾವೂ ಕನ್ನಡವನ್ನು ರಾಜ್ಯೋತ್ಸವದ ರೇಷ್ಮೆ ಸೀರೆಯ ಹಾಗೆ ಇಡುತ್ತಿದ್ದೇವೆಯೇ? ಮಗು "ನಾನು ಸ್ಕೂಲಿಗೆ ಹೋಗಿದೆ" ಎಂದರೆ ಹತ್ತು ಜನರೆದುರು ನಗುತ್ತೇವೆ. ಆ ಮಗು ಮರುದಿನ ಇಂಗ್ಲಿಷಿನಲ್ಲೇ ಉತ್ತರಿಸುತ್ತದೆ. ದಯವಿಟ್ಟು ನಗಬೇಡಿ. ಮುರುಕು ಕನ್ನಡ ಬದುಕಿರುವ ಕನ್ನಡ. ತಿದ್ದುವುದಕ್ಕೆ ವರ್ಷಗಳಿವೆ.

ಒಂದು ಸಲಹೆಯೊಂದಿಗೆ ಮುಗಿಸುತ್ತೇನೆ. ಮುಂದಿನ ಮೇ ತಿಂಗಳಲ್ಲಿ ಹೇವರ್ಡಿನ ಒಬ್ಬ ಫಿಜಿ ಅಜ್ಜನನ್ನೋ ಅಜ್ಜಿಯನ್ನೋ ನಮ್ಮ ಶಾಲೆಗೆ ಕರೆಯೋಣ. ಮಕ್ಕಳು ಭೂಪಟ ಹಿಡಿದು ಫಿಜಿಯನ್ನು ಹುಡುಕಲಿ, ಪ್ರಶ್ನೆ ಕೇಳಲಿ; ನಾವು ಚುರುಮುರಿ ಗಿರ್ಮಿಟ್ ಮಾಡಿ ಬಡಿಸೋಣ. ಮಕ್ಕಳೇ, ಇನ್ನು ಮುಂದೆ ಆ ಚೌಕದ ಬಾಟಲಿ ಕೈಗೆ ಬಂದರೆ ಅದರ ಹಿಂದಿನ ಜನರನ್ನೂ ನೆನೆಯಿರಿ. ಅಂಗಡಿಯಲ್ಲಿ ಯಾರಾದರೂ "ನಾವು ಫಿಜಿಯವರು" ಎಂದರೆ "ಓಹೋ" ಎಂದು ಸುಮ್ಮನಾಗಬೇಡಿ. "ನಿಮ್ಮ ಅಜ್ಜನ ಅಜ್ಜ ಯಾವ ಹಡಗಿನಲ್ಲಿ ಬಂದರು?" ಎಂದು ಕೇಳಿ.