ಕಡಲಿನ ಭಯದ ಬಾಡಿಗೆ ಯಾರ ಲೆಕ್ಕಕ್ಕೆ?



ನಮ್ಮ ಹನುಮಸಾಗರದ ಹೆಸರಿನಲ್ಲಿ ಸಾಗರವಿದೆಯೇ ಹೊರತು ಊರಿನಿಂದ ಕಡಲು ಬಹುದೂರ. ಆದ್ದರಿಂದ ಕಡಲ್ಗಳ್ಳರು, ಹಡಗಿನ ಮೇಲಿನ ದಾಳಿ, ಯುದ್ಧದ ವಿಮೆ ಎಂಬ ಮಾತು ಬಂದಾಗ ‘ಅದು ರಫ್ತುದಾರರ ತಲೆನೋವು, ನಮಗೇನು?’ ಎನ್ನುವವರೇ ಹೆಚ್ಚು. ಈ ಉದಾಸೀನ ಬೆಳೆಗಾರನ ಕಿಸೆಗೆ ಕತ್ತರಿ ಹಾಕುತ್ತದೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನಮ್ಮ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹೊರದೇಶಕ್ಕೆ ಹೋಗುತ್ತದೆ. ಕೊಳ್ಳುವವರಲ್ಲಿ ಇಟಲಿ, ಜರ್ಮನಿ, ಬೆಲ್ಜಿಯಂ ದೇಶಗಳು ಮುಂಚೂಣಿಯಲ್ಲಿವೆ. ಅಲ್ಲಿಗೆ ಹತ್ತಿರದ ದಾರಿ ಕೆಂಪು ಸಮುದ್ರ ಮತ್ತು ಸೂಯೆಜ್ ಕಾಲುವೆ. ಅಡಿಕೆ ಬಹುಪಾಲು ದೇಶದೊಳಗೇ ಮಾರಾಟವಾಗುವುದು ನಿಜ. ಆದರೆ ಅಡಿಕೆ ಮರಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಬಹುಮಟ್ಟಿಗೆ ಹಡಗಿನಲ್ಲೇ ಬರಬೇಕು. ಮಲೆನಾಡಿನಲ್ಲಿ ಕಾಫಿ ತೋಟ ಮಾಡಿದವರಿಗೂ ಬಯಲುಸೀಮೆಯಲ್ಲಿ ಬೋರ್ ನೀರಿನ ಮೇಲೆ ಅಡಿಕೆ ಕಟ್ಟಿದವರಿಗೂ ಕಡಲಿನ ನಂಟು ತಪ್ಪಿದ್ದಲ್ಲ.

2023ರ ನವೆಂಬರ್ 19ರಂದು ಗುಜರಾತಿನ ಪಿಪಾವಾವ್ ಬಂದರಿಗೆ ಬರುತ್ತಿದ್ದ ‘ಗ್ಯಾಲಕ್ಸಿ ಲೀಡರ್’ ಹಡಗನ್ನು ಯೆಮನ್ನಿನ ಹೂತಿ ಪಡೆ ಕೆಂಪು ಸಮುದ್ರದಲ್ಲಿ ವಶಪಡಿಸಿಕೊಂಡಿತು. ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ಕಚ್ಚಾ ತೈಲ ಹೊತ್ತು ನಮ್ಮ ನವಮಂಗಳೂರು ಬಂದರಿಗೆ ಹೊರಟಿದ್ದ ‘ಕೆಮ್ ಪ್ಲೂಟೊ’ ಹಡಗಿಗೆ, ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಬಡಿಯಿತು. ಬೆಂಕಿ ಆರಿತು, ಪ್ರಾಣಹಾನಿ ಆಗಲಿಲ್ಲ. ಕರಾವಳಿ ರಕ್ಷಣಾ ಪಡೆಯ ‘ವಿಕ್ರಮ್’ ಅದನ್ನು ಮುಂಬಯಿಗೆ ತಲುಪಿಸಿತು. 2024ರ ಮಾರ್ಚಿನಲ್ಲಿ ‘ರೂಬಿಮಾರ್’ ಎಂಬ ಹಡಗು ಹೂತಿ ಕ್ಷಿಪಣಿಯ ಪೆಟ್ಟಿನಿಂದ ಮುಳುಗಿತು. ಅದರ ಹೊಟ್ಟೆಯಲ್ಲಿದ್ದುದು ಸುಮಾರು 21,000 ಟನ್ ರಸಗೊಬ್ಬರ. ಇದೇ ಗೊಂದಲದಲ್ಲಿ ಸೊಮಾಲಿಯದ ಕಡಲ್ಗಳ್ಳರೂ ತಲೆಯೆತ್ತಿದರು. ಅವರು ಹಿಡಿದಿದ್ದ ‘ರುಯೆನ್’ ಹಡಗನ್ನು ನಮ್ಮ ನೌಕಾಪಡೆ 2024ರ ಮಾರ್ಚ್ 16ರಂದು ಬಿಡಿಸಿ, 35 ಕಳ್ಳರನ್ನು ಸೆರೆಹಿಡಿಯಿತು.

ಭಯ ಹುಟ್ಟಿದ ಕೂಡಲೇ ಅದಕ್ಕೆ ಬೆಲೆಯೂ ಹುಟ್ಟುತ್ತದೆ. ಲಂಡನ್ನಿನ ವಿಮೆಗಾರರ ಜಂಟಿ ಯುದ್ಧ ಸಮಿತಿ ಅಪಾಯದ ಕಡಲುಗಳ ಪಟ್ಟಿ ಮಾಡುತ್ತದೆ. ಆ ಕಡಲಿಗೆ ಹೋಗುವ ಹಡಗಿನ ಮಾಲೀಕ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. 2024ರ ಆರಂಭದಲ್ಲಿ ಕೆಂಪು ಸಮುದ್ರದ ಒಂದು ಯಾನಕ್ಕೆ ಈ ದರ ಹಡಗಿನ ಬೆಲೆಯ ಶೇ. 1ರ ಆಸುಪಾಸಿಗೆ ಏರಿದ್ದು ವರದಿಯಾಯಿತು. 5 ಕೋಟಿ ಡಾಲರಿನ ಹಡಗಿಗೆ ಶೇ. 1 ಎಂದರೆ ಒಂದು ಸಲಕ್ಕೆ 5 ಲಕ್ಷ ಡಾಲರ್! ಇದನ್ನು ತಪ್ಪಿಸಲು ಆಫ್ರಿಕಾವನ್ನು ಸುತ್ತಿದರೆ ಹತ್ತು ಹದಿನಾಲ್ಕು ದಿನ ಹೆಚ್ಚು, ಇಂಧನವೂ ಹೆಚ್ಚು.

ಇನ್ನು ಸರಕಿನ ವಿಮೆ. ಇದರಲ್ಲಿ ಎ, ಬಿ, ಸಿ ಎಂದು ಮೂರು ದರ್ಜೆಗಳಿವೆ. ಕಡಲ್ಗಳ್ಳತನದ ನಷ್ಟ ‘ಎ’ ದರ್ಜೆಯಲ್ಲಿ ಮಾತ್ರ ಸೇರುತ್ತದೆ. ಯುದ್ಧದ ನಷ್ಟ ಮೂರರಲ್ಲೂ ಇಲ್ಲ. ಅದಕ್ಕೆ ಬೇರೆ ಷರತ್ತು, ಬೇರೆ ಹಣ. ಅದೂ ಸರಕು ಹಡಗಿನ ಮೇಲಿರುವಷ್ಟು ಕಾಲ ಮಾತ್ರ, ಗೋದಾಮಿನಲ್ಲಿದ್ದಾಗ ಅಲ್ಲ. ಹಡಗು ತಡವಾದದ್ದರಿಂದ ಆಗುವ ನಷ್ಟವನ್ನು ನಮ್ಮ 1963ರ ಸಾಗರ ವಿಮಾ ಕಾಯ್ದೆಯೇ, ಪಾಲಿಸಿಯಲ್ಲಿ ಬೇರೆ ರೀತಿ ಬರೆಯದ ಹೊರತು, ವಿಮೆಯಿಂದ ಹೊರಗಿಟ್ಟಿದೆ. ಸರಿಯಾಗಿ ಒಣಗದ ಕಾಫಿ ಕಂಟೇನರಿನಲ್ಲಿ ಎರಡು ವಾರ ಹೆಚ್ಚು ಕುಳಿತು ಬೂಸಲು ಹಿಡಿದರೆ ವಿಮೆಯನ್ನು ನಂಬಿ ಕೂರುವಂತಿಲ್ಲ.

‘ಎಫ್.ಓ.ಬಿ. ಕರಾರಿನಲ್ಲಿ ಹಡಗಿನ ಬಾಡಿಗೆಯೂ ವಿಮೆಯೂ ಕೊಳ್ಳುವವನದು, ಬೆಳೆಗಾರನಿಗೆ ಹೊರೆಯಿಲ್ಲ’ ಎಂದು ತಿಳಿದವರು ವಾದಿಸುತ್ತಾರೆ. ಕಾಗದದ ಮೇಲೆ ಈ ಮಾತು ಸರಿ. ಆದರೆ ಕೊಳ್ಳುವವನು ತನ್ನ ಊರಿನ ಬಂದರಿಗೆ ಸರಕು ಮುಟ್ಟುವ ಒಟ್ಟು ಖರ್ಚನ್ನು ನೋಡಿಯೇ ಧಾರಣೆ ಹೇಳುತ್ತಾನೆ. ದಾರಿಯ ಖರ್ಚು ಏರಿದರೆ ರಫ್ತುದಾರನಿಗೆ ಹೇಳುವ ಬೆಲೆ ಇಳಿಯುತ್ತದೆ. ರಫ್ತುದಾರ ಅದನ್ನು ಕ್ಯೂರಿಂಗ್ ವರ್ಕ್ಸ್ ಬಾಗಿಲಿನಲ್ಲಿ ನಮ್ಮ ಮೂಟೆಯ ಮೇಲೆ ಇಳಿಸುತ್ತಾನೆ. ನಮ್ಮ ಕೆಳಗೆ ಇಳಿಸಲು ಇನ್ನಾರೂ ಇಲ್ಲ. 2024ರಲ್ಲಿ ರೋಬಸ್ಟಾ ಧಾರಣೆ ದಾಖಲೆ ಮುಟ್ಟಿದ್ದರಿಂದ ಈ ಹೊರೆ ಕಣ್ಣಿಗೆ ಬೀಳಲಿಲ್ಲ. ಧಾರಣೆ ಬಿದ್ದ ವರ್ಷ ಮಾತ್ರ ಚೆನ್ನಾಗಿಯೇ ಬೀಳುತ್ತದೆ.

ನಮ್ಮ ಮುಖ್ಯ ಮಾತು ಇಲ್ಲಿದೆ. ಅಪಾಯದ ಗೆರೆ ಏರುತ್ತದೆ, ಇಳಿಯುತ್ತದೆ. 2010ರಲ್ಲಿ ಸೊಮಾಲಿಯದ ಕಳ್ಳರ ಹಾವಳಿಗೆ ಹೆದರಿ ಹಡಗು ಉದ್ಯಮದವರು ಅಪಾಯ ವಲಯವನ್ನು 78 ಡಿಗ್ರಿ ಪೂರ್ವ ರೇಖಾಂಶದವರೆಗೆ ಹಿಗ್ಗಿಸಿದರು. ನಕ್ಷೆಯಲ್ಲಿ ನೋಡಿರಿ: ಆ ರೇಖೆ ಬೆಂಗಳೂರು ಕೋಲಾರಗಳ ನಡುವೆ ಹಾಯುತ್ತದೆ. ಅಂದರೆ ಮಂಗಳೂರು, ಕಾರವಾರಗಳ ಎದುರಿನ ಕಡಲೆಲ್ಲ ಕಳ್ಳರ ಸೀಮೆ ಎಂದು ಬರೆಸಿಕೊಂಡಿತು. ನಮ್ಮ ಸರಕಾರ ಪಟ್ಟುಹಿಡಿದು ಆಕ್ಷೇಪಿಸಿದ ಮೇಲೆ, 2015ರ ಡಿಸೆಂಬರ್ 1ರಿಂದ ಗೆರೆ 65 ಡಿಗ್ರಿಗೆ ಹಿಂದೆ ಸರಿಯಿತು. 2023ರ ಜನವರಿ 1ರಂದು ಆ ವಲಯವನ್ನೇ ರದ್ದು ಮಾಡಿದರು. ಗೆರೆ ಮುಂದೆ ಬಂದಾಗ ಖರ್ಚು ಏರಿತೆಂದು ಹೇಳುವವರು ಬಹಳ. ಗೆರೆ ಹಿಂದೆ ಹೋದಾಗ ಉಳಿದ ಹಣ ಎಲ್ಲಿಗೆ ಹೋಯಿತೆಂದು ಬೆಳೆಗಾರರ ಪರವಾಗಿ ಕೇಳಿದವರು ಎಷ್ಟು ಮಂದಿ?

ಆದ್ದರಿಂದ ನಮ್ಮ ಸಲಹೆ ಇಷ್ಟು. ಒಂದು, ಕಾಫಿ ಮಾರುವಾಗ ‘ಸಾಗಣೆ ಖರ್ಚು’ ಎಂಬ ಒಂದೇ ಸಾಲಿನ ಕಡಿತವನ್ನು ಒಪ್ಪಬಾರದು. ಬಾಡಿಗೆ, ಸಾಮಾನ್ಯ ವಿಮೆ, ಯುದ್ಧದ ವಿಮೆ ಬೇರೆ ಬೇರೆಯಾಗಿ ಲೆಕ್ಕಪಟ್ಟಿಯಲ್ಲಿ ಬರಲಿ. ಎರಡು, ಯುದ್ಧದ ಹೆಚ್ಚುವರಿ ದರ ಇಳಿದ ದಿನದಿಂದ ಕಡಿತವೂ ಇಳಿಯಬೇಕೆಂದು ಕರಾರಿನಲ್ಲಿಯೇ ಬರೆಸಬೇಕು. ಮೂರು, ಒಬ್ಬೊಬ್ಬರಾಗಿ ಕೇಳಿದರೆ ಯಾರೂ ಪಟ್ಟಿ ತೋರಿಸುವುದಿಲ್ಲ. ಸದಸ್ಯರ ಸರಕು ಒಟ್ಟುಗೂಡಿಸಿ ಸಂಘದ ಹೆಸರಿನಲ್ಲಿ ಕೇಳೋಣ. ನಾಲ್ಕು, ಪೊಟ್ಯಾಷ್ ಬೇಕಾದವರು ಮಳೆ ಬಂದ ಮೇಲೆ ಓಡಾಡದೆ ಬೇಡಿಕೆಯನ್ನು ಮುಂಗಡವಾಗಿ ಸಂಘದಲ್ಲಿ ಬರೆಸಿರಿ.

ಕಡಲಿನ ಕಾವಲು ನೌಕಾಪಡೆಯ ಕೆಲಸ, ಅವರು ಮಾಡುತ್ತಿದ್ದಾರೆ. ಲೆಕ್ಕದ ಕಾವಲು ನಮ್ಮದು. ಮುಂದಿನ ಸರ್ವಸದಸ್ಯರ ಸಭೆಗೆ ತಾವೆಲ್ಲರೂ ತಮ್ಮ ಹಿಂದಿನ ಮಾರಾಟದ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಬರಬೇಕೆಂದು ಕೋರುತ್ತೇವೆ.