‘ಆಲ್ಟರ್ನೇಟಿವ್’ ಮತ್ತು ನಮ್ಮ ‘ಪರ್ಯಾಯ’

ಇಂಗ್ಲಿಷಿನ ‘ಆಲ್ಟರ್ನೇಟಿವ್’ ಎಂಬ ಪದಕ್ಕೆ ಕನ್ನಡದಲ್ಲಿ ‘ಪರ್ಯಾಯ’ ಎಂಬ ಅನುವಾದ ರೂಢವಾಗಿಬಿಟ್ಟಿದೆ. ಪತ್ರಿಕೆ, ಶಾಸನಸಭೆ, ಸರ್ಕಾರಿ ಆಜ್ಞೆ, ಎಲ್ಲೆಲ್ಲಿಯೂ ಅದೇ. ಈ ರೂಢಿಯನ್ನು ಒಮ್ಮೆ ಪರಿಶೀಲಿಸುವುದು ಒಳಿತೆಂದು ತೋರುತ್ತದೆ.

ಆ ಪದದ ಮೂಲ ಲ್ಯಾಟಿನ್ನಿನ ‘ಆಲ್ಟರ್’. ಎರಡರಲ್ಲಿ ಮತ್ತೊಂದು ಎಂದು ಅದರ ಅರ್ಥ. ಆದುದರಿಂದಲೇ ಎರಡಕ್ಕಿಂತ ಹೆಚ್ಚು ‘ಆಲ್ಟರ್ನೇಟಿವ್’ಗಳು ಇರಲಾರವೆಂದು ಮಡಿವಂತ ವೈಯಾಕರಣರು ವಾದಿಸಿದ್ದುಂಟು. ಬಳಕೆ ಅವರ ಮಾತನ್ನು ಕೇಳಲಿಲ್ಲ. ಇಂದು ಮೂರಕ್ಕೂ ನಾಲ್ಕಕ್ಕೂ ಅದು ಸಲ್ಲುತ್ತದೆ. ಎಣಿಕೆ ಸಡಿಲವಾದರೂ ಆಯ್ಕೆಯೆಂಬ ತಿರುಳು ಉಳಿದಿದೆ. 1979ರಿಂದ 1990ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ತಮ್ಮ ಆರ್ಥಿಕ ನೀತಿಗೆ ‘ಆಲ್ಟರ್ನೇಟಿವ್’ ಇಲ್ಲವೆಂದದ್ದು ಹೆಸರಾದ ಮಾತು. ಆಯ್ಕೆಯನ್ನೇ ಅಲ್ಲಗಳೆಯುವುದರಲ್ಲಿದೆ ಆ ಮಾತಿನ ಬಿರುಸೆಲ್ಲ.

ನಮ್ಮ ‘ಪರ್ಯಾಯ’ದ ಹಳೆಯ ಅರ್ಥ ಸರದಿ. ಉಡುಪಿಯ ಅಷ್ಟಮಠಗಳ ಯತಿಗಳು ಎರಡೆರಡು ವರ್ಷ ಶ್ರೀಕೃಷ್ಣನ ಪೂಜೆಯನ್ನು ಸರದಿಯಂತೆ ವಹಿಸಿಕೊಳ್ಳುವುದು ಪರ್ಯಾಯ. 16 ವರ್ಷಕ್ಕೆ ಒಂದು ಸುತ್ತು. ಅಲ್ಲಿರುವುದು ಕ್ರಮ, ಆಯ್ಕೆಯಲ್ಲ. ಪರ್ಯಾಯಪದವೆಂದರೆ ಸಮಾನಾರ್ಥಕ ಪದ. ಒಂದರ ಬದಲಿಗೆ ಮತ್ತೊಂದು. ಸರದಿಯನ್ನೂ ಬದಲಿಯನ್ನೂ ಹೊತ್ತಿದ್ದ ಮಾತಿನ ಮೇಲೆ ನಾವು ಆಯ್ಕೆಯ ಭಾರವನ್ನೂ ಹೇರಿದ್ದೇವೆ.

ಇದು ಬರಿಯ ಪಂಡಿತರ ಜಗಳವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಹಲವು ಊರುಗಳು ಮುಳುಗಡೆಯಾದವು. ಇಂಥ ಯೋಜನೆಗಳಲ್ಲಿ ನೆಲ ಕಳೆದುಕೊಂಡವರಿಗೆ ಕೊಡುವುದನ್ನು ಆಡಳಿತಭಾಷೆ ‘ಪರ್ಯಾಯ ಭೂಮಿ’ ಎನ್ನುತ್ತದೆ. ರೈತನು ಅದನ್ನು ಆರಿಸಿಕೊಂಡನೆ? ಅಜ್ಜನ ಗದ್ದೆಯಲ್ಲಿಯೇ ಉಳಿಯುವ ದಾರಿ ಅವನಿಗಿತ್ತೆ? ಕೊಟ್ಟದ್ದು ಬದಲಿ ಭೂಮಿ. ಹಾಗೆಂದೇ ಕರೆದರೆ ಕಳೆದುಹೋದದ್ದರ ನೆನಪು ಮಾತಿನಲ್ಲಿ ಉಳಿಯುತ್ತದೆ. ಪರ್ಯಾಯವೆಂದರೆ ಅವನೇ ಒಪ್ಪಿ ಪಡೆದಂತೆ ಕೇಳಿಸುತ್ತದೆ.

ಸರದಿಗೆ ‘ಪರ್ಯಾಯ’ ಇರಲಿ. ಒಂದನ್ನು ತೆಗೆದು ಇನ್ನೊಂದನ್ನು ಕೊಟ್ಟಲ್ಲಿ ‘ಬದಲಿ’ ಎನ್ನೋಣ. ನಿಜವಾದ ಆಯ್ಕೆಯಿದ್ದಲ್ಲಿ ‘ವಿಕಲ್ಪ’ವೆನ್ನೋಣ. ವ್ಯಾಕರಣದಲ್ಲಿ ವಿಕಲ್ಪವೆಂದರೆ ಎರಡು ರೂಪಗಳೂ ಸಾಧು, ಬೇಕಾದುದನ್ನು ಬಳಸಬಹುದು ಎಂದೇ ಅರ್ಥ. ಮನಸ್ಸಿನ ಹೊಯ್ದಾಟವೆಂಬ ಇನ್ನೊಂದು ಅರ್ಥವೂ ಅದಕ್ಕಿದೆ, ನಿಜ. ಆದರೆ ಆಯ್ಕೆಯಿರುವವನಿಗಷ್ಟೇ ಹೊಯ್ದಾಟ. ಅದಿಲ್ಲದವನಿಗೆ ಉಳಿಯುವುದು ಆಜ್ಞೆ. ಆಜ್ಞೆಗೆ ಆಯ್ಕೆಯ ಹೆಸರಿಡುವ ಕೆಲಸಕ್ಕೆ ಕನ್ನಡವನ್ನು ದುಡಿಸಿಕೊಳ್ಳಬಾರದು.